ಮುಳುಗಿದ್ದನ್ನು ಮಾರಬೇಡಿ

ಕಡಲ ತಳದ ಹಳೆಯ ಹಡಗುಗಳನ್ನೂ ಬಂದರುಗಳನ್ನೂ ಕಾಪಾಡಿ ಅಧ್ಯಯನ ಮಾಡಬೇಕು ಎಂದಾಗಲೆಲ್ಲ ಮೊದಲು ಎದ್ದು ನಿಲ್ಲುವುದು ಹಣದ ಪ್ರಶ್ನೆ. ಸರ್ಕಾರಕ್ಕೆ ಇದು ಭರಿಸಲಾಗದ ಖರ್ಚು. ಖಾಸಗಿ ಕಂಪನಿಗಳಿಗೆ ಬಿಟ್ಟುಕೊಡಿ. ಅವರು ಎತ್ತಿ, ಒಂದು ಪಾಲು ಮಾರಿ ಖರ್ಚು ತೆಗೆದುಕೊಳ್ಳಲಿ. ಉಳಿದದ್ದು ವಸ್ತುಸಂಗ್ರಹಾಲಯಕ್ಕೆ ಬರಲಿ ಎನ್ನುತ್ತಾರೆ.

ಹಾಗೆ ಬಿಟ್ಟುಕೊಟ್ಟರೆ ಏನಾಗುತ್ತದೆ ಎಂಬುದನ್ನು ಜಗತ್ತು ಆಗಲೇ ನೋಡಿದೆ. 1752ರಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಮುಳುಗಿದ ಗೆಲ್ಡರ್‌ಮಾಲ್ಸೆನ್ ಎಂಬ ಡಚ್ ಹಡಗನ್ನು 1985ರಲ್ಲಿ ನಿಧಿಶೋಧಕ ಮೈಕೆಲ್ ಹ್ಯಾಚರ್ ಪತ್ತೆಮಾಡಿದರು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನ ಹರಾಜಿನಲ್ಲಿ ಅದರ ಚಿನ್ನದ ಗಟ್ಟಿಗಳೂ ಲಕ್ಷಕ್ಕೂ ಮೀರಿದ ಪಿಂಗಾಣಿ ಪಾತ್ರೆಗಳೂ ಬಿಕರಿಯಾಗಿ ದೇಶದೇಶಗಳ ಶೋಕೇಸುಗಳಿಗೆ ಹಂಚಿಹೋದವು. ಹಡಗನ್ನು ಹೇಗೆ ಕಟ್ಟಿದ್ದರು, ಸರಕನ್ನು ಹೇಗೆ ಪೇರಿಸಿದ್ದರು ಎಂಬುದರ ಬಗ್ಗೆ ಎತ್ತಿದವರಿಗೆ ಆಸಕ್ತಿ ಇರಲಿಲ್ಲ, ಅದಕ್ಕೆ ಹರಾಜಿನಲ್ಲಿ ಬೆಲೆಯೂ ಇರಲಿಲ್ಲ. ಮಾರಾಟದ ಪರ ವಾದಿಸುವವರು ಇಂಡೊನೇಷ್ಯಾದ ಬೆಲಿತುಂಗ್ ಹಡಗನ್ನು ಮುಂದೊಡ್ಡುತ್ತಾರೆ. 9ನೇ ಶತಮಾನದ ಆ ಹಡಗಿನ ಚೀನೀ ಪಾತ್ರೆಗಳ ರಾಶಿ ಬಹುಪಾಲು ಒಟ್ಟಾಗಿಯೇ ಸಿಂಗಪುರಕ್ಕೆ ಸೇರಿತು, ನಿಜ. ಆದರೆ ಅದನ್ನು ಇಡಿಯಾಗಿ ಕೊಳ್ಳಬಲ್ಲ ಶ್ರೀಮಂತ ಗಿರಾಕಿ ಸಿಕ್ಕಿದ್ದರಿಂದ ಹಾಗಾಯಿತು. ಅದನ್ನು ಎತ್ತಿದ ರೀತಿಗೆ ಪುರಾತತ್ತ್ವಜ್ಞರಿಂದ ಎಷ್ಟು ಆಕ್ಷೇಪ ಬಂತೆಂದರೆ, ವಾಷಿಂಗ್‌ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ 2011ರಲ್ಲಿ ತನ್ನ ಪ್ರದರ್ಶನವನ್ನೇ ಕೈಬಿಟ್ಟಿತು.

ಮಾರಾಟದ ದಾರಿಗೆ ಇನ್ನೂ ದೊಡ್ಡ ದೋಷವೊಂದಿದೆ. ಬೆಲೆ ಬಾಳದ ಸರಕಿರುವ ಹಡಗಿನ ಕಡೆ ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಗೋವಾದ ಕಡಲಲ್ಲಿ ಸೇಂಟ್ ಜಾರ್ಜ್ ಎಂಬ ಬಂಡೆಸಾಲಿನ ಬಳಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸಂಶೋಧಕರು ಮುಳುಗಿ ನೋಡಿದಾಗ ಕಂಡದ್ದು ಹಡಗೊಂದರಲ್ಲಿದ್ದ ಸುಟ್ಟ ಮಣ್ಣಿನ ಸಾಮಾನು: ಮಾಡಿನ ನೆತ್ತಿಗೆ ಹೊದಿಸುವ ಹೆಂಚು, ಕಂಬಗಳ ತಲೆಗೆ ಕೂರಿಸುವ ಕೆತ್ತನೆಯ ಬೋದಿಗೆ. ಅವುಗಳ ಮೇಲೆ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯ ಮುದ್ರೆ, ಜೊತೆಗೆ 1865 ಎಂಬ ಇಸವಿ. ನಮ್ಮ ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ ಅದು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣಿನಿಂದ ಬೆಳೆದ ಆ ಉದ್ಯಮದ ಹೆಂಚು ದೇಶದ ಮನೆಗಳ ಮಾಡನ್ನೇ ಬದಲಿಸಿತು. ಆ ಉದ್ಯಮದ ಸರಕು ಹಡಗೇರಿ ಹೋದ ಕಥೆಗೆ ಕಣ್ಣಾರೆ ಕಾಣುವ ಸಾಕ್ಷಿ ಇಲ್ಲಿದೆ. "ಅಜ್ಜನ ಮನೆಯ ಮಾಡಿನಲ್ಲಿ ಸಾವಿರಗಟ್ಟಲೆ ಇರುವ ಹೆಂಚಿಗೆ ಇಷ್ಟೊಂದು ಗೌರವವೇ?" ಎಂದು ಕೇಳುವವರಿದ್ದಾರೆ. ಹೌದು, ಇಷ್ಟೇ ಗೌರವ ಸಲ್ಲಬೇಕು. ರಾಜರ ಚಿನ್ನದ ಲೆಕ್ಕ ಕಡತಗಳಲ್ಲಿ ಸಿಗುತ್ತದೆ. ಕೂಲಿಯಾಳುಗಳು ಅಚ್ಚೊತ್ತಿ ಸುಟ್ಟ ಮಣ್ಣು ಯಾವ ಹಡಗಿನ ಹೊಟ್ಟೆಯಲ್ಲಿ ಹೇಗೆ ಹೋಗುತ್ತಿತ್ತು ಎಂಬುದು ಇಂಥ ಕಡೆಯೇ ಸಿಗಬೇಕು. ಈ ಹಡಗನ್ನು ನಿಧಿಶೋಧಕರು ಹುಡುಕಿಕೊಂಡು ಬರುತ್ತಿರಲಿಲ್ಲ. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆ ಇದ್ದುದರಿಂದಲೇ ಇದು ದಾಖಲೆಯಾಯಿತು.

ಎರಡನೆಯ ಆಕ್ಷೇಪ ದ್ವಾರಕೆಯದು. ಒಂದು ಗುಂಪು, ಇದೆಲ್ಲ ಪುರಾಣಕ್ಕೆ ಪುರಾವೆ ಹುಡುಕುವ ನೆಪ ಎನ್ನುತ್ತದೆ. ಇನ್ನೊಂದು, ದ್ವಾರಕೆ ಸಿಕ್ಕಾಯಿತು, ಮತ್ತೇಕೆ ಶೋಧ ಎನ್ನುತ್ತದೆ. ಇಬ್ಬರೂ ಅಲ್ಲಿ ಸಿಕ್ಕಿದ್ದೇನೆಂದು ನೋಡಲು ಸಿದ್ಧರಿಲ್ಲ. ಲೋಥಲ್ ಉತ್ಖನನದಿಂದ ಹೆಸರಾದ ಕನ್ನಡಿಗ ಶಿಕಾರಿಪುರ ರಂಗನಾಥರಾಯರು 1980ರ ದಶಕದಲ್ಲಿ ಅಲ್ಲಿ ಕಡಲಡಿಯ ಶೋಧಕ್ಕೆ ಬುನಾದಿ ಹಾಕಿದರು. ನಂತರದ ತಂಡಗಳು ಅದೇ ನೀರಿನಲ್ಲಿ ಮುಳುಗಿ, ಅವರ ಕಾಲನಿರ್ಣಯವನ್ನೇ ಮರುಪರಿಶೀಲಿಸಿ, ದ್ವಾರಕೆಯ ಅನೇಕ ಕಲ್ಲಿನ ಲಂಗರುಗಳೂ ಕಟ್ಟಡಗಳೂ ಬಹಳ ಈಚಿನ ಬಂದರಿನವು ಎಂದು ವಾದಿಸಿದವು. ಹತ್ತಿರದ ಬೇಟ್ ದ್ವಾರಕೆ ದ್ವೀಪದಲ್ಲಿ ಹರಪ್ಪಾ ಸಂಸ್ಕೃತಿಯ ಕೊನೆಗಾಲದ ಮಡಕೆ ಚೂರುಗಳೂ ಶಂಖದ ಮುದ್ರೆಯೂ ಸಿಕ್ಕಿವೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ತಂಡ 2025ರ ಫೆಬ್ರುವರಿಯಲ್ಲಿ ಮತ್ತೆ ದ್ವಾರಕೆಯಲ್ಲಿ ಮುಳುಗಿ ಶೋಧಿಸಿತು. ಭಕ್ತಿಗಾಗಲೀ ಸಂಶಯಕ್ಕಾಗಲೀ ಉತ್ತರ ಬೇಕಿದ್ದರೆ ಹೀಗೆ ಮತ್ತೆ ಮತ್ತೆ ಅಳೆಯುವುದೇ ದಾರಿ.

ಅಳೆಯದೆ ಬಾಚಿದರೆ ಏನಾಗುತ್ತದೆ ಎಂಬುದಕ್ಕೆ ಖಂಭಾತ್ ಕೊಲ್ಲಿಯೇ ಸಾಕು. ಅಲ್ಲಿ ತಳದಿಂದ ಗೋರಿ ತೆಗೆದ ವಸ್ತುಗಳ ಪೈಕಿ ಮರದ ತುಂಡೊಂದಕ್ಕೆ ಸುಮಾರು 9,500 ವರ್ಷ ವಯಸ್ಸು ಎಂಬ ಫಲಿತಾಂಶ ಬಂದು, 2002ರಲ್ಲಿ ಪ್ರಾಚೀನ ನಗರದ ಘೋಷಣೆಯೇ ಆಯಿತು. ಆದರೆ ಪ್ರಬಲ ಸೆಳೆತದ ಆ ಕೊಲ್ಲಿಯಲ್ಲಿ ಆ ಮರ ಎಲ್ಲಿಂದ ಬಂದು ಅಲ್ಲಿ ಬಿತ್ತೋ? ಅದು ಇದ್ದ ಜಾಗವನ್ನು ಯಾರೂ ಕಂಡು ಗುರುತುಹಾಕಿರಲಿಲ್ಲ, ಹಾಗಾಗಿ ಆ ವಯಸ್ಸಿನಿಂದ ನಗರ ಸಿದ್ಧವಾಗಲಿಲ್ಲ.

ಉಪ್ಪುನೀರು ಹೇಗೂ ತಿಂದುಹಾಕುತ್ತದೆ, ಎಲ್ಲವನ್ನೂ ಮೇಲೆ ತನ್ನಿ ಎನ್ನುವವರ ಕಾಳಜಿ ಪ್ರಾಮಾಣಿಕವಾದದ್ದು. ಆದರೆ ಅವರ ತಿಳಿವಳಿಕೆ ತಲೆಕೆಳಗಾಗಿದೆ. ಮರಳು, ಕೆಸರಿನಲ್ಲಿ ಹೂತ ಮರಕ್ಕೆ ಆಮ್ಲಜನಕ ತಾಗುವುದಿಲ್ಲ, ಮರಕೊರೆಯುವ ಹುಳುವೂ ತಲುಪುವುದಿಲ್ಲ. ಮೇಲೆ ತಂದ ಕೂಡಲೇ ನೀರು ಕುಡಿದ ಮರ ಒಣಗಿ ಕುಗ್ಗಿ ಸೀಳುತ್ತದೆ. ಉಪ್ಪು ಹೀರಿದ ಕಬ್ಬಿಣ ಪದರಪದರವಾಗಿ ಉದುರುತ್ತದೆ. ಸ್ವೀಡನ್ ದೇಶ 1628ರಲ್ಲಿ ಮುಳುಗಿದ ವಾಸಾ ಹಡಗನ್ನು 1961ರಲ್ಲಿ ಎತ್ತಿ, 17 ವರ್ಷ ಅದಕ್ಕೆ ರಾಸಾಯನಿಕ ಸಿಂಪಡಿಸಬೇಕಾಯಿತು. ಇಷ್ಟಾದ ಮೇಲೂ ಮರದೊಳಗೆ ಆಮ್ಲ ಹುಟ್ಟುತ್ತಿರುವುದು ಪತ್ತೆಯಾಯಿತು. ಆದ್ದರಿಂದಲೇ ಯುನೆಸ್ಕೊದ 2001ರ ಒಪ್ಪಂದ, ಇದ್ದಲ್ಲೇ ಕಾಪಾಡುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಿ ಎನ್ನುತ್ತದೆ, ಎತ್ತಲೇಬಾರದು ಎನ್ನುವುದಿಲ್ಲ. ಚೀನಾ 2007ರಲ್ಲಿ ಸೊಂಗ್ ಕಾಲದ ಹಡಗೊಂದನ್ನು ಸುತ್ತಲಿನ ಕೆಸರಿನ ಸಮೇತ ಉಕ್ಕಿನ ಪೆಟ್ಟಿಗೆಯಲ್ಲಿ ಎತ್ತಿ, ಅದಕ್ಕೆಂದೇ ಕಟ್ಟಿದ ವಸ್ತುಸಂಗ್ರಹಾಲಯದ ಒಳಗೆ ನಿಧಾನವಾಗಿ ಅಗೆಯಿತು. ಅಷ್ಟು ಸಿದ್ಧತೆ ಇದ್ದವರು ಎತ್ತಲಿ.

ಕೊನೆಯದು ಮೀನುಗಾರರ ಹೆಸರಿನಲ್ಲಿ ಬರುವ ವಿರೋಧ: ಸಂರಕ್ಷಣೆ ಎಂದರೆ ಅವರ ಕಡಲನ್ನು ಕಿತ್ತುಕೊಳ್ಳುವುದು ಎಂಬ ಭಯ. ಈ ಭಯವನ್ನು ಹಗುರವಾಗಿ ಕಾಣಬಾರದು. ಆದರೆ ಬೆಲಿತುಂಗ್ ಹಡಗನ್ನು ಮೊದಲು ಕಂಡವರು ಅಲ್ಲಿನ ಮೀನುಗಾರರೇ. ಬಲೆ ಎಲ್ಲಿ ಸಿಕ್ಕಿ ಹರಿಯುತ್ತದೆಂದು ಮಲ್ಪೆ, ಕಾರವಾರದ ದೋಣಿಯವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಬಲೆಗೆ ಬಂದ ಹಳೆಯ ವಸ್ತುವನ್ನು ತಂದು ತೋರಿಸಿದವರನ್ನು ಕಳ್ಳರಂತೆ ವಿಚಾರಿಸದೆ, ಜಾಗ ಕೇಳಿ ಬರೆದುಕೊಂಡು, ಅವರ ಹೆಸರನ್ನು ದಾಖಲೆಯಲ್ಲಿ ಸೇರಿಸಿ, ಹರಿದ ಬಲೆಗೆ ಪರಿಹಾರ ಕೊಡುವ ಏರ್ಪಾಡು ಪ್ರತಿ ಮೀನುಗಾರಿಕಾ ಬಂದರಿನಲ್ಲೂ ಆಗಬೇಕು. ಅದಕ್ಕೆ ಹಡಗೂ ಬೇಡ, ಮುಳುಗುವ ಸಾಧನವೂ ಬೇಡ. ಒಬ್ಬ ತರಬೇತಾದ ನೌಕರ, ಒಂದು ಮೇಜು ಸಾಕು.