ಬೆಳಕಿನ ಶಿಲ್ಪ

ಕಲ್ಲು, ಮರ, ಲೋಹಗಳಂತೆ ಬೆಳಕೂ ಶಿಲ್ಪಿಯ ಕೈಗೆ ಒದಗುವ ಒಂದು ದ್ರವ್ಯ. ಇಂದು ಜಗತ್ತಿನ ಅನೇಕ ನಗರಗಳ ಚೌಕ, ಉದ್ಯಾನ, ಸೇತುವೆಗಳಲ್ಲಿ ಕಲಾವಿದರು ಬೆಳಕಿನಿಂದಲೇ ಕೃತಿಗಳನ್ನು ರಚಿಸುತ್ತಿದ್ದಾರೆ. ಇದು ದೂರ ದೇಶದ ಹೊಸ ಕಲೆಯೆಂದು ನಾವು ಭಾವಿಸಬೇಕಾಗಿಲ್ಲ. ನಮ್ಮ ದೇವಾಲಯಗಳ ಮುಂದೆ ನಿಂತ ದೀಪಮಾಲೆ ಕಂಬವೂ ಬೆಳಕಿನ ಶಿಲ್ಪವೇ ಅಲ್ಲವೇ? ಹಗಲಿನಲ್ಲಿ ಅದು ಕಲ್ಲಿನ ಕಂಬ. ಹಬ್ಬದ ಇರುಳಿನಲ್ಲಿ ಹಣತೆಗಳನ್ನು ಹೊತ್ತಾಗ ಅದೇ ಜ್ಯೋತಿಯ ವೃಕ್ಷ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ಹೊಸಪೇಟೆಯೊಡನೆ ಸೇರಿ ವಿಜಯನಗರ ಜಿಲ್ಲೆಯಾದವು. ಈ ನಾಡಿಗೆ ದೀಪಕಲೆ ಹೊಸದಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಮಹಾನವಮಿಯ ರಾತ್ರಿಗಳಲ್ಲಿ ಪಂಜುಗಳ ಬೆಳಕಿನಿಂದ ಅಂಗಳವೆಲ್ಲ ಹಗಲಿನಂತಾಗುತ್ತಿದ್ದುದನ್ನು ವರ್ಣಿಸಿದ್ದಾನೆ. ಕೊಟ್ಟೂರೇಶ್ವರ ಸ್ವಾಮಿಯ ಕಾರ್ತಿಕೋತ್ಸವದಲ್ಲಿ ಇಂದಿಗೂ ಭಕ್ತರು ದೀಪ ಬೆಳಗುತ್ತಾರೆ. ಇಂಥ ದೀಪೋತ್ಸವಗಳಲ್ಲಿ ಗಮನಿಸಬೇಕಾದ ಗುಣಗಳು ಎರಡು: ಅಲ್ಲಿನ ಬೆಳಕನ್ನು ಹಲವು ಕೈಗಳು ಸೇರಿ ಹಚ್ಚುತ್ತವೆ, ಎಣ್ಣೆ ತೀರಿದಾಗ ಅದು ತಾನಾಗಿಯೇ ಆರುತ್ತದೆ.

ಬೆಳಕಿಗೆ ನೆರಳು ಶತ್ರುವಲ್ಲ, ಸಂಗಾತಿ. ತುಂಗಭದ್ರೆಯ ದಡದ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರನ್ನು ನೋಡಿರಿ. ಬೆಳಕು ಓರೆಯಾಗಿ ಬಿದ್ದಾಗ ಅವರ ಆಭರಣದ ಒಂದೊಂದು ಎಳೆಯೂ ನೆರಳಿನ ಆಸರೆಯಿಂದ ಎದ್ದು ಕಾಣುತ್ತದೆ. ಎದುರಿನಿಂದ ಪ್ರಖರವಾದ ದೀಪ ಹಾಯಿಸಿದರೆ ನೆರಳು ಅಳಿದು ಶಿಲ್ಪವೇ ಚಪ್ಪಟೆಯಾಗಿಬಿಡುತ್ತದೆ. ಹರಪನಹಳ್ಳಿಯ ಸಮೀಪದ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ತಿರುಗಣೆಯಲ್ಲಿ ಕಡೆದಂತಿರುವ ಕಂಬಗಳಿವೆ. ಅವುಗಳ ನುಣುಪನ್ನು ತೋರಿಸಲು ಒಂದು ಸಣ್ಣ ದೀಪವೂ ಸಾಕು. ಇಂಥ ಗುಡಿಗಳಿಗೆ ಬಣ್ಣಬಣ್ಣದ ಮಿಣುಕು ದೀಪಗಳ ಸರ ಸುತ್ತುವುದು ಅಲಂಕಾರವಲ್ಲ, ಮರೆಮಾಚುವಿಕೆ.

ಹಾಗೆಂದ ಮಾತ್ರಕ್ಕೆ ವಿದ್ಯುದ್ದೀಪವನ್ನು ದೂರಬೇಕಾಗಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದರಿಂದ ಬೆಳಗಿದವು. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯು ಇಂದು ಸುಮಾರು 97,000 ಬಲ್ಬುಗಳಿಂದ ಬೆಳಗುತ್ತದೆ. ಅವು ಕಟ್ಟಡವನ್ನು ಮರೆಮಾಡುವುದಿಲ್ಲ; ಅದರ ಕಮಾನು, ಗೋಪುರಗಳ ರೇಖೆಗಳನ್ನೇ ಇರುಳಿನ ಮೇಲೆ ಬರೆಯುತ್ತವೆ. ನಿಗದಿತ ವೇಳೆ ಬೆಳಗಿ ಆರುತ್ತವೆ. ಆದುದರಿಂದಲೇ ಜನರು ಆ ಗಳಿಗೆಗಾಗಿ ಕಾದು ನಿಲ್ಲುತ್ತಾರೆ.

ಊರು ರಾತ್ರಿಯೆಲ್ಲ ಝಗಝಗಿಸಿದರೇನು ನಷ್ಟ ಎಂದು ಕೆಲವರು ಕೇಳಬಹುದು. ಬೀದಿದೀಪ ಅವಶ್ಯಕತೆ; ಅದರ ಮಾತು ಬೇರೆ. ಆದರೆ ಅಲಂಕಾರದ ಬೆಳಕಿಗೂ ಬೆಲೆ ತೆರುವವರಿದ್ದಾರೆ. 2001ರ ದುರಂತದಲ್ಲಿ ಮಡಿದವರ ಸ್ಮರಣೆಗೆ ನ್ಯೂಯಾರ್ಕಿನಲ್ಲಿ 2002ರಿಂದ 88 ಶೋಧದೀಪಗಳು ಆಕಾಶಕ್ಕೆ ಎರಡು ಬೆಳಕಿನ ಸ್ತಂಭಗಳನ್ನು ಎತ್ತುತ್ತವೆ. ಏಳು ರಾತ್ರಿಗಳಲ್ಲಿ ಸುಮಾರು 11 ಲಕ್ಷ ವಲಸೆ ಹಕ್ಕಿಗಳು ಆ ಬೆಳಕಿನ ಸೆಳೆತಕ್ಕೆ ಸಿಕ್ಕವೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ದೀಪ ಆರಿಸಿದೊಡನೆ ಅವು ಚದುರಿ ಹೋದುದೂ ಕಂಡುಬಂದಿತು. ಹಕ್ಕಿಗಳು ಮಿತಿಮೀರಿ ನೆರೆದಾಗ ಅಲ್ಲಿ ಸುಮಾರು ಇಪ್ಪತ್ತು ನಿಮಿಷ ದೀಪ ಆರಿಸುವ ಪದ್ಧತಿಯಿದೆ. ಅಷ್ಟು ದೊಡ್ಡ ಸ್ಮಾರಕವೇ ಹಕ್ಕಿಗಾಗಿ ಕಣ್ಣು ಮುಚ್ಚಬಲ್ಲುದಾದರೆ ನಮ್ಮ ಊರಿನ ವೃತ್ತದ ದೀಪಗಳಿಗೆ ಅದೇನು ಕಷ್ಟ?

ನಮ್ಮಲ್ಲಿಯೂ ಇರುಳನ್ನು ನಂಬಿ ಬದುಕುವ ಜೀವಿಗಳುಂಟು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮವು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಗೆ ಸೇರಿತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕರಡಿಗಳು ಹೆಚ್ಚಾಗಿ ಇರುಳಿನಲ್ಲಿ ಆಹಾರ ಅರಸುತ್ತವೆ.

ಆದುದರಿಂದ ನಮ್ಮ ಪಟ್ಟಣಗಳಲ್ಲಿ ಬೆಳಕಿನ ಶಿಲ್ಪಗಳು ಬರಲಿ. ಆದರೆ ಅವು ದೀಪಮಾಲೆ ಕಂಬದಿಂದ ಪಾಠ ಕಲಿತು ಬರಲಿ. ಹಗಲಿನಲ್ಲಿಯೂ ನೋಡತಕ್ಕ ರೂಪ ಅವುಗಳಿಗಿರಲಿ. ಪುರಾತನ ಶಿಲ್ಪಗಳ ನೆರಳನ್ನು ಅವು ಕಸಿಯದಿರಲಿ. ಅವನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ಬೆಳಗಿಸಬೇಕು ಎಂಬುದನ್ನು ಊರವರೂ ಕಲಾವಿದರೂ ಕೂಡಿ ನಿರ್ಧರಿಸಲಿ. ಸಾರ್ವಜನಿಕರ ಹಣದಿಂದ ಹಚ್ಚುವ ದೀಪದ ಬಗೆಗೆ ಸಾರ್ವಜನಿಕರು ಕೇಳಲೇಬೇಕಾದ ಪ್ರಶ್ನೆಗಳಿವು. ದೀಪವನ್ನು ಹಚ್ಚುವುದು ಸುಲಭ. ಯಾವಾಗ ಆರಿಸಬೇಕೆಂಬುದನ್ನು ಅರಿಯುವುದೇ ಕಲೆ.