ಕೇರಿಯ ಸಂಘ ಉತ್ಸವಕ್ಕಷ್ಟೇ ಸಾಕೆ?



ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಗಣೇಶೋತ್ಸವಕ್ಕೆ ವರ್ಗಣಿ ಎತ್ತುವ ಸಂಘಗಳಿಗೆ ಕೊರತೆಯಿಲ್ಲ. ಮೂರ್ತಿಯನ್ನು ನೀರಿಗೆ ಬಿಟ್ಟ ಮರುದಿನವೇ ಅವು ನಿದ್ರೆಗೆ ಜಾರುವುದೇಕೆ?

2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿದ್ದ ನಾಲ್ವರು ಮಡಿದರು. ಗುಡ್ಡದ ಬುಡದಲ್ಲಿ ಯಾರಿದ್ದಾರೆ, ಹಾಸಿಗೆ ಹಿಡಿದ ವೃದ್ಧರು ಯಾರು, ಯಾವ ಚರಂಡಿ ಕಟ್ಟಿದೆ ಎಂಬುದನ್ನು ಕಾರವಾರದ ಕಚೇರಿಗಿಂತ ನೆರೆಮನೆಯವನು ಚೆನ್ನಾಗಿ ಬಲ್ಲನು.

‘ಅದು ಸರಕಾರದ ಹೊಣೆ’ ಎನ್ನುವವರುಂಟು. ಹೊಣೆ ಸರಕಾರದ್ದೇ, ಆದರೆ ಅದನ್ನು ಕೇಳುವ ಬಾಯಿ ಎಲ್ಲಿದೆ? ಹಳ್ಳಿಗಳಿಗೆ ಗ್ರಾಮಸಭೆಯಾದರೂ ಉಂಟು. ಪಟ್ಟಣಗಳಿಗೆ? ಸಂವಿಧಾನದ 74ನೆಯ ತಿದ್ದುಪಡಿಯು (1992) ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿದ್ದು 3 ಲಕ್ಷ ಹಾಗೂ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ ಮಾತ್ರ. ಈ ಮೂರು ಪಟ್ಟಣಗಳೂ ಆ ಲೆಕ್ಕಕ್ಕೆ ಬಾರವು. ಆದುದರಿಂದ ಕೇರಿಯ ಸಂಘವೇ ಆ ಬಾಯಿಯಾಗಬೇಕು.

ಅದು ಒಂದು ಜಾತಿಯ ಸಂಘವಾಗಕೂಡದು. ಕುಸಿಯುವ ಗುಡ್ಡವು ಕುಲವನ್ನು ಕೇಳುವುದಿಲ್ಲ. ಅನುಭವ ಮಂಟಪದಲ್ಲಿ ಅಂಬಿಗನನ್ನೂ ಮಡಿವಾಳನನ್ನೂ ಒಟ್ಟಿಗೆ ಕೂರಿಸಿದ ಶರಣರ ಹೆಸರು ಹೇಳುವ ನಾವು ನೆರೆಯವನನ್ನು ಹೊರಗಿಡುವುದು ಸಲ್ಲದು.

ಮಳೆಗಾಲಕ್ಕೆ ಮುನ್ನ ಕೇರಿಯವರೆಲ್ಲ ಕೂಡಿರಿ. ಚರಂಡಿಗಳನ್ನು ಬಿಡಿಸಿರಿ, ಅಪಾಯದ ಮನೆಗಳ ಪಟ್ಟಿಯನ್ನು ತಹಶೀಲ್ದಾರರ ಕೈಗಿತ್ತು ಉತ್ತರ ಕೇಳಿರಿ. ಅದುವೇ ಈ ಕಾಲದ ದಾಸೋಹ.