ಎಂಟು ವೇಷದ ನಟ

ಒಬ್ಬನೇ ನಟ, ಎಂಟು ಪಾತ್ರ! ಅದರಲ್ಲೊಂದು ಹೆಣ್ಣಿನದು. 1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್’ನಲ್ಲಿ ಬ್ರಿಟನ್ನಿನ ಅಲೆಕ್ ಗಿನ್ನೆಸ್ ಒಂದಿಡೀ ಸಿರಿವಂತ ಮನೆತನವೇ ಆಗಿಬಿಟ್ಟರು. ಪದವಿಯಾಸೆಯ ದಾಯಾದಿಯೊಬ್ಬ ಇವರನ್ನು ಒಬ್ಬೊಬ್ಬರಾಗಿ ಮುಗಿಸುತ್ತ ಹೋಗುತ್ತಾನೆ. ಬಲೂನಿನಿಂದ ಮಹಿಳಾ ಮತದಾನದ ಕರಪತ್ರ ಎಸೆಯುವ ಲೇಡಿ ಅಗಾಥಾಳನ್ನು ನೋಡಿ ನೀವು ನಗದಿದ್ದರೆ ಕೇಳಿ!

ಆದರೆ ಸೋದರಿಯರೇ, ವೇಷ ಬದಲಿಸುವುದೇ ಅಭಿನಯವೆಂದುಕೊಳ್ಳಬೇಡಿ. 1957ರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ನೋಡಿ. ಜಪಾನೀಯರ ಸೆರೆಯಲ್ಲಿರುವ ಕರ್ನಲ್ ನಿಕಲ್ಸನ್, ಅಧಿಕಾರಿಗಳು ಕೂಲಿ ಮಾಡಬಾರದೆಂಬ ಹಟಕ್ಕೆ ಕಾದ ತಗಡಿನ ಗೂಡಿನಲ್ಲಿ ಬೇಯುತ್ತಾನೆ. ಹೊರಬಂದಾಗ ತಟ್ಟಾಡುತ್ತ, ಆದರೂ ಸೆಟೆದು ನಡೆಯುತ್ತಾನಲ್ಲ, ಆ ನಡಿಗೆ ಎಲ್ಲಿಯದು ಗೊತ್ತೆ? ಪೋಲಿಯೊದಿಂದ ಚೇತರಿಸಿಕೊಳ್ಳುತ್ತಿದ್ದ ತಮ್ಮ ಮಗನದು! ತಂದೆಯ ಕಣ್ಣು ಕಂಡದ್ದನ್ನು ನಟನ ಕಾಲು ಮರೆಯಲಿಲ್ಲ. ಶತ್ರುವಿಗೆಂದೇ ಸೇತುವೆ ಕಟ್ಟಿಕೊಟ್ಟದ್ದು ಕೊನೆಗೆ ಅರಿವಾದಾಗಿನ ಆ ಮುಖವಂತೂ... ಆಸ್ಕರ್ ಬಂದದ್ದು ಸುಮ್ಮನಲ್ಲ.

ಅದೇ ನಿರ್ದೇಶಕ ಡೇವಿಡ್ ಲೀನ್ ನಮ್ಮ ಬೆಂಗಳೂರು, ಸಾವನದುರ್ಗದಲ್ಲಿ ಚಿತ್ರೀಕರಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಮಾತ್ರ ನನಗೆ ಹಿಡಿಸಲಿಲ್ಲ. ಚಿತ್ರವಲ್ಲ, ಅದರಲ್ಲಿನ ಗಿನ್ನೆಸ್! ಮೈಗೆ ಬಣ್ಣ ಬಳಿದು ಪ್ರೊಫೆಸರ್ ಗೋಡ್‌ಬೋಲೆ ಆಗಿದ್ದಾರೆ. ಪಕ್ಕದಲ್ಲೇ ವಿಕ್ಟರ್ ಬ್ಯಾನರ್ಜಿಯಂಥ ನಟ ಇರುವಾಗ ಈ ಬಣ್ಣ ಏಕೆ ಬೇಕಿತ್ತೋ!

2000ದಲ್ಲಿ ತೀರಿಕೊಂಡ ಇವರನ್ನು ಮಕ್ಕಳು ‘ಸ್ಟಾರ್ ವಾರ್ಸ್’ನ ಮುದುಕನೆಂದೇ ಬಲ್ಲರು. ನೀವು 1979ರ ಟಿವಿ ಧಾರಾವಾಹಿ ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’ ಸಿಕ್ಕರೆ ಬಿಡಬೇಡಿ. ಕನ್ನಡಕದ ಆ ಮುದಿ ಗೂಢಚಾರನ ಎದುರು ಯಾರೋ ಅವನ ಹೆಂಡತಿಯ ಹೆಸರೆತ್ತುತ್ತಾರೆ. ಅವನು ಏನೂ ಹೇಳುವುದಿಲ್ಲ. ನೋಡುವ ನಮಗೇ ಗಂಟಲು ಕಟ್ಟುತ್ತದೆ.